ಹುಡುಕುತ್ತಾ ಹೊರಟವಳು

ಜುಲೈ 22, ಸಂತ ಮಗ್ದಲದ ಮರಿಯಳ ಹಬ್ಬದ ಪ್ರಬೋಧನೆ
ವಾಚನಗಳು: ಪರಮಗೀತೆ 3:1-4; ಯೊವಾನ್ನ 20:1-2, 11-18



ಕೊಡೆ ಮಡಚಿ ಬಾಗಿಲ ಬಳಿ ಇಟ್ಟು, ಸೆರಗು ಹಿಂಡಿಕೊಂಡು ಬಂದು ಕುಳಿತಿರುವ ನಿಮ್ಮನ್ನು ನೋಡಿದರೆ ನಮಗೆ ಇಂದಿನ ಹಬ್ಬದ ಸಂತಳೇ ನೆನಪಿಗೆ ಬರುತ್ತಾಳೆ. ಅವಳೂ ಬೆಳಕು ಹರಿಯುವ ಮುನ್ನ, ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟವಳು. ಪುನರ್ವಸು ಕಳೆದು ಪುಷ್ಯ ಮಳೆ ಹಿಡಿಯುವ ಈ ಹೊತ್ತಿನಲ್ಲಿ ಮೂಡಿಗೆರೆ, ಕಳಸದ ಕಡೆ ಯಾವ ಹಬ್ಬವೂ ಬಾಜಾಬಜಂತ್ರಿಯೊಂದಿಗೆ ನಡೆಯುವುದಿಲ್ಲ. ಎರಡು ದಿನದಿಂದ ಕರೆಂಟ್ ಇಲ್ಲ, ಮೈಕ್ ಇಲ್ಲ. ಹಿಂದೆ ಕುಳಿತವರು ಸ್ವಲ್ಪ ಮುಂದೆ ಬಂದರೆ ನಮ್ಮ ಗಂಟಲಿಗೂ ಉಪಕಾರ, ನಿಮ್ಮ ಕಿವಿಗೂ ಉಪಕಾರ.

ಈ ದಿನವನ್ನು ಮೊದಲು ಧರ್ಮಸಭೆ ಸ್ಮರಣೆಯಾಗಿ ಆಚರಿಸುತ್ತಿತ್ತು. 2016ರ ಜೂನ್ 3ರ ಆದೇಶದಿಂದ ಪೋಪ್ ಫ್ರಾನ್ಸಿಸ್‌ರವರು ಇದನ್ನು ಹಬ್ಬದ ಮಟ್ಟಕ್ಕೆ ಏರಿಸಿದರು. ಎಂದರೆ ಪ್ರೇಷಿತರ ಹಬ್ಬಗಳಿಗಿರುವ ಸ್ಥಾನವೇ ಈಗ ಮರಿಯಳಿಗೂ ಇದೆ. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೇ ತಲುಪಿಸಿದವಳಿಗೆ ಇದು ತಡವಾಗಿ ಬಂದ ಮರ್ಯಾದೆ ಎಂದೇ ನಮ್ಮ ಅನಿಸಿಕೆ. ಆದರೆ ಇವತ್ತು ನಾವು ಹೆಚ್ಚು ಮಾತನಾಡಬೇಕೆಂದಿರುವುದು ಮೊದಲನೆಯ ವಾಚನದ ಬಗ್ಗೆ. ಪರಮಗೀತೆಯನ್ನು ಭಾನುವಾರದ ಪೂಜೆಯಲ್ಲಿ ನಾವು ಓದುವುದೇ ಇಲ್ಲ. ಡಿಸೆಂಬರ್ 21ರಂದು, ಕೆಲವು ಮದುವೆ ಪೂಜೆಗಳಲ್ಲಿ, ಮತ್ತೆ ಇವತ್ತಿನಂಥ ಒಂದೆರಡು ದಿನಗಳಲ್ಲಿ ಮಾತ್ರ ಅದು ಕಿವಿಗೆ ಬೀಳುತ್ತದೆ. ಹಾಗಾಗಿ ಈಗ ಓದಿದ್ದನ್ನು ಕೇಳಿ ಕೆಲವರು ಪಕ್ಕದವರ ಮುಖ ನೋಡಿದ್ದು ನಮಗೆ ಕಾಣಿಸಿತು. ಒಬ್ಬ ಹೆಣ್ಣುಮಗಳು ರಾತ್ರಿ ಹಾಸಿಗೆಯಲ್ಲಿ ತನ್ನ ಪ್ರಿಯನನ್ನು ಹುಡುಕುತ್ತಾಳೆ, ಸಿಗುವುದಿಲ್ಲ, ಎದ್ದು ಊರ ಬೀದಿಗಳಲ್ಲಿ ಅಲೆಯುತ್ತಾಳೆ, ಕಾವಲುಗಾರರನ್ನು ಕೇಳುತ್ತಾಳೆ. ಇದು ದೇವರ ವಾಕ್ಯವೇ?

ಯುವಜನರ ಶಿಬಿರವೊಂದರಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ. "ಫಾದರ್, ಈ ಪುಸ್ತಕದಲ್ಲಿ ದೇವರ ಹೆಸರೇ ಇಲ್ಲವಲ್ಲ, ಇದನ್ನು ಬೈಬಲಿಗೆ ಸೇರಿಸಿದವರು ಯಾರು?" ಹುಡುಗ ಓದಿಕೊಂಡೇ ಬಂದಿದ್ದ. ಎಂಟು ಅಧ್ಯಾಯ, 117 ವಚನಗಳ ಈ ಚಿಕ್ಕ ಪುಸ್ತಕದಲ್ಲಿ ನಿಯಮವಿಲ್ಲ, ಯಾಜಕನಿಲ್ಲ, ಪ್ರಾರ್ಥನೆಯೂ ಇಲ್ಲ. ದೇವರ ಹೆಸರು ಇದ್ದರೆ ಕೊನೆಯ ಅಧ್ಯಾಯದಲ್ಲಿ, ಪ್ರೀತಿಯ ಜ್ವಾಲೆಯ ಬಗ್ಗೆ ಹೇಳುವ ಒಂದು ಹೀಬ್ರೂ ಪದದ ಬಾಲದಲ್ಲಿ ಅಡಗಿದೆ. ಅದು ದೇವರ ಹೆಸರು ಹೌದೋ ಅಲ್ಲವೋ ಎಂದು ಪಂಡಿತರೇ ಒಪ್ಪುವುದಿಲ್ಲ. ಉಳಿದದ್ದೆಲ್ಲ ಒಬ್ಬ ಗಂಡು, ಒಬ್ಬ ಹೆಣ್ಣು, ದ್ರಾಕ್ಷಿತೋಟ, ಆಡುಕುರಿ, ಅತ್ತಿಮರ, ಪಾರಿವಾಳ. ಕೃಷಿಕರಾದ ನಿಮಗೆ ಇದು ಅರ್ಥವಾಗಬೇಕು. ಆ ನಾಡಿನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಮಳೆ ಮುಗಿದ ಮೇಲೆ ಹೂ ಅರಳುತ್ತದೆ, ಆಗ ಪ್ರಿಯನು ಬಂದು ಅವಳನ್ನು ಹೊರಗೆ ಕರೆಯುತ್ತಾನೆ. ನಮ್ಮಲ್ಲಿ ತಿರುಗುಮುರುಗು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳದಿದ್ದರೆ ಕಾಫಿ ಗಿಡ ಮೊಗ್ಗು ಬಿಗಿದುಕೊಂಡೇ ನಿಂತಿರುತ್ತದೆ. ಒಂದು ಇಂಚು ಮಳೆ ಬಿದ್ದು ವಾರ ಹತ್ತು ದಿನ ಕಳೆದರೆ ಇಡೀ ಬೆಟ್ಟ ಬೆಳ್ಳಗೆ. ಮಲ್ಲಿಗೆಯಂಥ ಆ ವಾಸನೆಯಲ್ಲಿ ಬೆಳಗಿನ ಪೂಜೆಗೆ ಬರುವಾಗ ಪರಮಗೀತೆಯನ್ನು ಬರೆದವನಿಗೆ ನಮ್ಮ ತೋಟ ತೋರಿಸಬೇಕಿತ್ತು ಎಂದು ನಮಗೆ ಅನಿಸಿದ್ದುಂಟು.

ಹುಡುಗನ ಪ್ರಶ್ನೆಗೆ ಬರೋಣ. ಅದು ಹೊಸ ಪ್ರಶ್ನೆಯಲ್ಲ. ಕ್ರಿಸ್ತರ ನಂತರದ ಮೊದಲ ಎರಡು ಶತಮಾನಗಳಲ್ಲಿ ಯೆಹೂದ್ಯ ಗುರುಗಳ ನಡುವೆಯೇ ಇದರ ಚರ್ಚೆ ನಡೆದಿತ್ತು. ಆಗ ಗುರು ಅಕೀಬನು ಎದ್ದು, ಪವಿತ್ರ ಗ್ರಂಥಗಳೆಲ್ಲ ಪವಿತ್ರ, ಆದರೆ ಪರಮಗೀತೆ ಪವಿತ್ರಗಳಲ್ಲಿ ಅತಿಪವಿತ್ರ ಎಂಬ ಅರ್ಥದ ಮಾತು ಹೇಳಿದ. ಔತಣಕೂಟಗಳಲ್ಲಿ ಅದನ್ನು ಮೋಜಿಗಾಗಿ ಹಾಡುವವರ ಮೇಲೆ ಅವನಿಗೆ ಸಿಟ್ಟೂ ಇತ್ತು. ಪ್ರಿಯನೆಂದರೆ ದೇವರು, ಪ್ರಿಯೆಯೆಂದರೆ ಇಸ್ರಯೇಲ್ ಜನ ಎಂದು ಅವರು ಓದಿದರು. ಇಂದಿಗೂ ಯೆಹೂದ್ಯರು ಇದನ್ನು ಪಾಸ್ಕಹಬ್ಬದಲ್ಲಿ ಓದುತ್ತಾರೆ. ಇದು ಎಲ್ಲಿಂದಲೋ ತಂದು ಅಂಟಿಸಿದ ಅರ್ಥವಲ್ಲ. ಪ್ರವಾದಿ ಹೊಶೇಯನು ತನ್ನ ಮುರಿದ ದಾಂಪತ್ಯದ ನೋವಿನಲ್ಲೇ ದೇವರ ನೋವನ್ನು ಕಂಡಿದ್ದ. ಯೆಶಾಯನ ಗ್ರಂಥ ದೇವರನ್ನು ವರನಿಗೆ ಹೋಲಿಸುತ್ತದೆ. ಸಂತ ಪೌಲರು ಎಫೆಸಿಯರಿಗೆ ಬರೆಯುವಾಗ ಗಂಡ ಹೆಂಡಿರ ಐಕ್ಯವನ್ನು ಕ್ರಿಸ್ತರಿಗೂ ಧರ್ಮಸಭೆಗೂ ಅನ್ವಯಿಸುತ್ತಾರೆ. ಬೈಬಲ್ ಮುಗಿಯುವುದೇ ಯಜ್ಞದ ಕುರಿಮರಿಯ ಮದುವೆಯಲ್ಲಿ.

ಕ್ರೈಸ್ತರಲ್ಲಿ ಈ ಹಾದಿಯನ್ನು ತೆರೆದವರು ಮೂರನೆಯ ಶತಮಾನದ ಹಿಪ್ಪೊಲಿತರು ಮತ್ತು ಒರಿಜೆನ್. ಹಿಪ್ಪೊಲಿತರು ಇವತ್ತಿನ ಇದೇ ವಾಚನವನ್ನು ತೆಗೆದುಕೊಂಡು, ರಾತ್ರಿ ಹುಡುಕುತ್ತಾ ಹೊರಟ ಈ ಹೆಣ್ಣು ಯೇಸುಸ್ವಾಮಿಯ ಸಮಾಧಿಗೆ ಹೋದ ಮಹಿಳೆಯರ ಮುನ್ಸೂಚನೆ ಎಂದರು. ಆ ಮಹಿಳೆಯರನ್ನು ಪ್ರೇಷಿತರಿಗೇ ಪ್ರೇಷಿತರು ಎಂಬ ಅರ್ಥದಲ್ಲಿ ಹೊಗಳಿದರು. 2016ರ ಆದೇಶದ ಬೇರು ಅಷ್ಟು ಹಳೆಯದು. ಒರಿಜೆನ್‌ರವರು ಸುಮಾರು 240ರ ಹೊತ್ತಿಗೆ ಇದರ ಮೇಲೆ ಹತ್ತು ಸಂಪುಟಗಳ ವ್ಯಾಖ್ಯಾನ ಬರೆದರು. ಲತೀನ್ ಅನುವಾದದಲ್ಲಿ ಒಂದಷ್ಟು ಭಾಗ ಉಳಿದಿದೆ, ಮಿಕ್ಕದ್ದು ಕಳೆದುಹೋಗಿದೆ. ಬೇರೆ ಗ್ರಂಥಗಳಲ್ಲಿ ಒರಿಜೆನ್ ಇತರರನ್ನು ಮೀರಿಸಿದರು, ಇದರಲ್ಲಿ ತಮ್ಮನ್ನೇ ಮೀರಿಸಿದರು ಎಂದು ಸಂತ ಜೆರೋಮರು ಮೆಚ್ಚಿದ್ದರು. ವರನೆಂದರೆ ಕ್ರಿಸ್ತರು, ವಧುವೆಂದರೆ ಒಮ್ಮೆ ಧರ್ಮಸಭೆ, ಇನ್ನೊಮ್ಮೆ ನಿಮ್ಮ ನಮ್ಮ ಆತ್ಮ.

ಅವರ ವ್ಯಾಖ್ಯಾನದಲ್ಲಿ ನಮ್ಮ ತೋಟದ ಹೆಣ್ಣುಮಕ್ಕಳು ಕೇಳಿಸಿಕೊಳ್ಳಬೇಕಾದ ಒಂದು ಜಾಗವಿದೆ. ಪರಮಗೀತೆಯ ಮೊದಲ ಅಧ್ಯಾಯದಲ್ಲಿ ಆ ಹೆಣ್ಣು ತಾನು ಕಪ್ಪಗಿದ್ದೇನೆ, ಚೆಲುವೆಯೂ ಆಗಿದ್ದೇನೆ ಎನ್ನುತ್ತಾಳೆ. ಬಿಸಿಲು ತನ್ನನ್ನು ಸುಟ್ಟಿದೆ, ಅಣ್ಣಂದಿರು ಬೇರೆಯವರ ದ್ರಾಕ್ಷಿತೋಟ ಕಾಯಲು ಹಚ್ಚಿದರು, ತನ್ನ ಸ್ವಂತ ತೋಟ ನೋಡಿಕೊಳ್ಳಲಾಗಲಿಲ್ಲ ಎಂದು ಹೇಳಿಕೊಳ್ಳುತ್ತಾಳೆ. ಹೊರಜನಾಂಗಗಳಿಂದ ಬಂದ ಧರ್ಮಸಭೆಯೇ ಈ ಕಪ್ಪು ವಧು ಎಂದು ಒರಿಜೆನ್ ಬರೆದರು. ಮೋಶೆಯ ಇಥಿಯೋಪಿಯದ ಹೆಂಡತಿಯನ್ನೂ ಶೆಬದ ರಾಣಿಯನ್ನೂ ಅವಳ ಪಕ್ಕದಲ್ಲಿ ನಿಲ್ಲಿಸಿದರು. ದೊಡ್ಡ ಮನೆತನದವಳಲ್ಲ, ಆದರೆ ಅರಸನು ಆರಿಸಿಕೊಂಡವಳು. ಬೇರೆಯವರ ತೋಟದಲ್ಲಿ ಹಣ್ಣು ಕೊಯ್ದು, ಸಂಜೆ ಲೈನ್ ಮನೆಗೆ ಬಂದು, ಆಮೇಲೆ ಸ್ವಂತ ಮಕ್ಕಳ ಮುಖ ನೋಡುವ ತಾಯಂದಿರು ಈ ದೇವಾಲಯದಲ್ಲಿ ಎಷ್ಟು ಜನ ಇದ್ದೀರಿ! ಬೈಬಲ್ಲಿನ ಅತಿಪವಿತ್ರ ಗೀತೆಯಲ್ಲಿ ದೇವರ ಪ್ರಿಯೆಯಾಗಿ ನಿಂತಿರುವವಳು ನಿಮ್ಮಂಥ ಕೆಲಸದವಳು. ಮದುವೆ ಮಾತುಕತೆಯಲ್ಲಿ ಹುಡುಗಿಯ ಬಣ್ಣ ಕೇಳುವ ನಮ್ಮ ಕ್ರೈಸ್ತ ಮನೆಗಳವರು ಮನೆಗೆ ಹೋಗಿ ಈ ಅಧ್ಯಾಯವನ್ನು ಒಮ್ಮೆ ಓದಿದರೆ ಒಳ್ಳೆಯದು.

ಈ ರೀತಿಯ ಓದು ವಿದೇಶದ್ದು ಎಂದೂ ತಿಳಿಯಬೇಡಿ. ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ದೇವರನ್ನು ಅರಸಿದರು. ಇಲ್ಲಿಂದ ಬಹಳ ದೂರವಲ್ಲದ ಉಡುತಡಿಯ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ನಂಬಿ, ಕಂಡಕಂಡವರಲ್ಲಿ ಅವನ ಸುದ್ದಿ ಕೇಳುತ್ತಾ ನಡೆದಳು. ಅದೇ ಶತಮಾನದಲ್ಲಿ ಫ್ರಾನ್ಸಿನಲ್ಲಿ ಸಂತ ಬರ್ನಾರ್ಡರು ಪರಮಗೀತೆಯ ಮೇಲೆ ಪ್ರಬೋಧನೆ ಮಾಡುತ್ತಿದ್ದರು. ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಎರಡು ಧರ್ಮಗಳ ತತ್ವ ಒಂದೇ ಎಂದು ನಾವು ಹೇಳುತ್ತಿಲ್ಲ. ಆದರೆ ದೇವರಿಗಾಗಿ ಹಾತೊರೆಯುವ ಮನುಷ್ಯನಿಗೆ ಕೊನೆಗೆ ಸಿಗುವ ಮಾತು ಗಂಡ ಹೆಂಡತಿಯ ಮಾತೇ ಎಂಬುದು ಎರಡೂ ಕಡೆ ಕಾಣುತ್ತದೆ.

ಇನ್ನು ನಮ್ಮ ಕೊಂಕಣಿ ಮನೆಗಳು. 1963ರಲ್ಲಿ ಮೈಸೂರಿನಿಂದ ಬೇರೆಯಾಗಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾಗುವ ಎಷ್ಟೋ ಮೊದಲೇ ಘಟ್ಟ ಹತ್ತಿ ಬಂದ ಕುಟುಂಬಗಳು ಗಂಟಿನಲ್ಲಿ ಕಟ್ಟಿಕೊಂಡು ಬಂದದ್ದು ಜಪಮಾಲೆ ಮತ್ತು ವೊವಿಯೊ ಹಾಡುಗಳನ್ನು. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ಹುಡುಗಿಗೆ ತೆಂಗಿನ ಹಾಲು ಹಚ್ಚುತ್ತಾ ಹಿರಿಯ ಹೆಂಗಸರು ಹಾಡುವುದನ್ನು ಕೇಳಿದ್ದೀರಿ. ಶಿಲುಬೆಯ ಗುರುತಿನಿಂದ ಶುರು. ಆಮೇಲೆ ತಾಯಿಯ ಕಣ್ಣೀರು, ವರನ ಗುಣಗಾನ, ಬೀಗರ ಮೇಲೆ ತಮಾಷೆ, ಸ್ವಲ್ಪ ಲಜ್ಜೆ ಬರುವ ಮಾತು ಕೂಡ. ಇದು ಪ್ರಾರ್ಥನೆಯೋ, ಪ್ರಾಪಂಚಿಕ ಹಾಡೋ? ಹಾಡುವ ಅಜ್ಜಿಗೆ ಆ ಪ್ರಶ್ನೆಯೇ ಬಂದಿಲ್ಲ. ಪರಮಗೀತೆಯೂ ಮೊದಲಿಗೆ ಹೀಗೆ ಯೆಹೂದ್ಯ ಮದುವೆಮನೆಗಳಲ್ಲಿ ಹಾಡಿದ ಹಾಡುಗಳೇ ಇರಬಹುದು ಎಂಬ ಇಂದಿನ ಪಂಡಿತರ ಅಭಿಪ್ರಾಯವನ್ನು ಪೋಪ್ ಹದಿನಾರನೇ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ನೆನಪಿಸಿದರು. ಗಂಡು ಹೆಣ್ಣಿನ ಒಲವನ್ನೂ ದೇವರ ನಿಸ್ವಾರ್ಥ ಪ್ರೀತಿಯನ್ನೂ ಎರಡು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿಡಲಾಗದು ಎಂಬುದು ಆ ಪತ್ರದ ತಿರುಳು.

ಹಾಕಿಟ್ಟವರು ನಾವು. ಅದನ್ನೂ ಇವತ್ತು ಹೇಳಬೇಕು.

ಗುರುದೀಕ್ಷೆಯಾಗಿ ನಮಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬೇರೊಂದು ಧರ್ಮಕೇಂದ್ರ. ಇದೇ ಜುಲೈ 22, ಇದೇ ವಾಚನ, ಹೀಗೇ ಮಳೆ. ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಜಗಲಿಯಲ್ಲಿ ಕಾಯುತ್ತಾ ನಿಂತಿದ್ದರು. ಜನವರಿಯಲ್ಲಿ, ಹಣ್ಣು ಕೊಯ್ಲಿನ ನಡುವೆ, ಅವರ ಯಜಮಾನರು ತೀರಿಕೊಂಡಿದ್ದರು. (ಇದು ಪಾಪನಿವೇದನೆಯ ಮಾತಲ್ಲ, ಅವರನ್ನು ಕೇಳಿಯೇ ಹೇಳುತ್ತಿದ್ದೇವೆ.) ಅವರು ತಲೆ ತಗ್ಗಿಸಿಕೊಂಡೇ ಕೇಳಿದರು: "ಫಾದರ್, ರಾತ್ರಿ ಎಚ್ಚರವಾದರೆ ಕೈ ತಾನೇ ಪಕ್ಕಕ್ಕೆ ಹೋಗಿಬಿಡುತ್ತದೆ. ಇಪ್ಪತ್ತೆಂಟು ವರ್ಷದ ಅಭ್ಯಾಸ. ಇವತ್ತು ಓದಿದ್ದು ಅದನ್ನೇ ಅಲ್ಲವಾ?"

ಸೆಮಿನರಿಯ ಪಾಠ ನಮ್ಮ ತಲೆಯಲ್ಲಿ ಇನ್ನೂ ಬಿಸಿಯಾಗಿತ್ತು. "ಹಾಗಲ್ಲಮ್ಮ, ಅದು ಆತ್ಮವು ಕ್ರಿಸ್ತರನ್ನು ಹುಡುಕುವುದರ ಸಂಕೇತ" ಎಂದೆವು. ಒರಿಜೆನ್ ಹೆಸರನ್ನೂ ಹೇಳಿದ ನೆನಪು. ಅವರು "ಹೌದಾ ಫಾದರ್" ಎಂದು ಕೊಡೆ ಬಿಚ್ಚಿಕೊಂಡು ಮಳೆಗೆ ಇಳಿದರು. ಆಮೇಲೂ ಪೂಜೆಗೆ ತಪ್ಪದೆ ಬಂದರು. ಆದರೆ ನಾವು ಅಲ್ಲಿದ್ದಷ್ಟು ವರ್ಷ ಅವರು ನಮ್ಮನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಮಹಾ ಗ್ರೆಗೊರಿಯವರು ಪೋಪರಾಗಿದ್ದಾಗ, ಆರನೆಯ ಶತಮಾನದ ಕೊನೆಯಲ್ಲಿ, ಇವತ್ತಿನ ಶುಭಸಂದೇಶದ ಮೇಲೆ ಪ್ರಬೋಧನೆ ಮಾಡುತ್ತಾ ಇವತ್ತಿನ ಮೊದಲ ವಾಚನವನ್ನೇ ಜೋಡಿಸಿದ್ದರು. ಬೀದಿಯ ಕಾವಲುಗಾರರು ಯಾರು? ಧರ್ಮಸಭೆಯನ್ನು ಕಾಯುವ ಗುರುಹಿರಿಯರು ಎಂದರು ಅವರು. (ಅದೇ ಗ್ರೆಗೊರಿಯವರು ಇನ್ನೊಂದು ಪ್ರಬೋಧನೆಯಲ್ಲಿ ಮಗ್ದಲದ ಮರಿಯಳನ್ನೂ ಲೂಕನ ಶುಭಸಂದೇಶದ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಬ್ಬಳೇ ಎಂದುಬಿಟ್ಟರು, ಆ ಹಣೆಪಟ್ಟಿ ಪೂಜಾವಿಧಿಯಿಂದ ಹೋಗಲು 1969ರ ಪಂಚಾಂಗ ಪರಿಷ್ಕರಣೆಯೇ ಬರಬೇಕಾಯಿತು. ಚಿತ್ರಗಳಲ್ಲಿ, ನಾಟಕಗಳಲ್ಲಿ ಇನ್ನೂ ಹೋಗಿಲ್ಲ.) ಕಾವಲುಗಾರರ ವಿಷಯಕ್ಕೆ ಬಂದರೆ, ಪರಮಗೀತೆಯನ್ನು ಗಮನವಿಟ್ಟು ಓದಿ. ಅವಳು ಅವರನ್ನು ಕೇಳುತ್ತಾಳೆ. ಅವರು ಉತ್ತರ ಕೊಟ್ಟದ್ದು ಎಲ್ಲೂ ಬರೆದಿಲ್ಲ. ಅವರನ್ನು ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆಯೇ ಅವಳಿಗೆ ಅವನು ಸಿಕ್ಕಿದ್ದು.

ಆ ಜಗಲಿಯ ಕಾವಲುಗಾರನಾಗಿ ನಿಂತಿದ್ದವರು ನಾವು.

ಕೆಲವು ವರ್ಷಗಳ ನಂತರ ಸಂತ ಬರ್ನಾರ್ಡರ ಪ್ರಬೋಧನೆಗಳನ್ನು ಪೂರ್ತಿ ಓದಲು ಕುಳಿತೆವು. ಸೆಮಿನರಿಯಲ್ಲಿ ಓದಿದ್ದು ಪರೀಕ್ಷೆಗೆ ಬೇಕಾದಷ್ಟು ಮಾತ್ರ. ಅವರು 1135ರಲ್ಲಿ ಕ್ಲೇರ್ವೋ ಮಠದಲ್ಲಿ ಪರಮಗೀತೆಯ ಮೊದಲ ವಚನದಿಂದ ಆರಂಭಿಸಿ, 1153ರಲ್ಲಿ ಸಾಯುವ ತನಕ 86 ಪ್ರಬೋಧನೆ ಮಾಡಿದರು. ಹದಿನೆಂಟು ವರ್ಷದಲ್ಲಿ ತಲುಪಿದ್ದು ಮೂರನೆಯ ಅಧ್ಯಾಯದ ಆರಂಭದ ತನಕ. ಇವತ್ತು ನಾವು ಓದಿದ ಜಾಗ! ರಾತ್ರಿ ಹಾಸಿಗೆಯಲ್ಲಿ ಹುಡುಕುವ ಆ ಮಾತಿನ ಮೇಲೆಯೇ ಅವರ ಕೊನೆಯ ಪ್ರಬೋಧನೆ ನಿಂತಿದೆ. ಮುಂದುವರಿಸಿ ಪುಸ್ತಕ ಮುಗಿಸಲು ಇನ್ನೂ ಇಬ್ಬರು ಸನ್ಯಾಸಿಗಳು ಬೇಕಾದರು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು 26ನೆಯ ಪ್ರಬೋಧನೆ. ಆ ಕಪ್ಪು ಚೆಲುವೆಯ ವಚನವನ್ನೇ ಅವರು ವಿವರಿಸುತ್ತಿದ್ದಾರೆ. ಕೇದಾರಿನ ಗುಡಾರ, ಅದರ ಗೂಢಾರ್ಥ, ಎಲ್ಲ ಕ್ರಮವಾಗಿ ನಡೆಯುತ್ತಿದೆ. ಇದ್ದಕ್ಕಿದ್ದಂತೆ ಮಾತು ಮುರಿಯುತ್ತದೆ. ಅವರ ಒಡಹುಟ್ಟಿದ ಗೆರಾರ್ಡ್, ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದವನು, 1138ರಲ್ಲಿ ಆಗಷ್ಟೇ ತೀರಿಕೊಂಡಿದ್ದ. ಬರ್ನಾರ್ಡರು ಅವನ ಶವಸಂಸ್ಕಾರವನ್ನು ಒಣ ಕಣ್ಣಿನಲ್ಲೇ ನಡೆಸಿದ್ದರು. ಈಗ, ಸನ್ಯಾಸಿಗಳ ಮುಂದೆ, ಗೂಢಾರ್ಥದ ನಡುವೆ, ತಡೆಯಲಾಗದೆ ಅತ್ತರು. ಆಮೇಲೆ ಉಳಿದ ಪ್ರಬೋಧನೆಯಿಡೀ ಗೆರಾರ್ಡನ ಬಗ್ಗೆಯೇ. ತಮ್ಮ ದುಃಖಕ್ಕೆ ಆತ್ಮಿಕ ಅರ್ಥದ ಬಣ್ಣ ಬಳಿಯಲು ಅವರು ಹೋಗಲಿಲ್ಲ. ಕ್ರೈಸ್ತ ಲೋಕದಲ್ಲೇ ಪರಮಗೀತೆಯ ಅತಿ ದೊಡ್ಡ ವ್ಯಾಖ್ಯಾನಕಾರರು ಹೀಗೆ ಅಳಬಹುದಾದರೆ, ಜಗಲಿಯಲ್ಲಿ ನಿಂತಿದ್ದ ಆ ತಾಯಿಗೆ ನಾವು ಯಾಕೆ ಹಾಗೆ ಹೇಳಿದೆವು?

ಗೂಢಾರ್ಥ ಸುಳ್ಳಲ್ಲ. ಅದನ್ನು ಬಿಟ್ಟರೆ ಪರಮಗೀತೆ ನಮಗೆ ಹಳೆಯ ಪ್ರೇಮಗೀತೆಯಷ್ಟೇ ಆಗಿ ಉಳಿದೀತು. ಸಂತ ಶಿಲುಬೆಯ ಯೊವಾನ್ನರು 1577ರ ಡಿಸೆಂಬರಿನಿಂದ ಮುಂದಿನ ಆಗಸ್ಟ್ ತನಕ ತೊಲೆದೊ ಪಟ್ಟಣದ ಕತ್ತಲ ಕೋಣೆಯಲ್ಲಿ ಬಂಧಿಯಾಗಿದ್ದಾಗ ಅವರನ್ನು ಬದುಕಿಸಿದ್ದು ಈ ವಧೂವರರ ಹಾಡೇ. ಆವಿಲದ ಸಂತ ತೆರೇಸರು ಇದರ ಮೇಲೆ ಬರೆದ ಧ್ಯಾನಗಳನ್ನು ಹೆಂಗಸಿಗೆ ಇದು ತಕ್ಕುದಲ್ಲವೆಂದು ಸುಡಿಸಿದರು. ಪುಣ್ಯಕ್ಕೆ ಯಾರದೋ ಕೈಯಲ್ಲಿ ಪ್ರತಿ ಉಳಿದಿತ್ತು. ಆದರೆ ಗೂಢಾರ್ಥವೆಂಬುದು ಮನುಷ್ಯರ ಪ್ರೀತಿಯ ಮೇಲೆ ಹೊದಿಸುವ ಕಂಬಳಿಯಲ್ಲ. ಗಂಡನನ್ನು ಹುಡುಕುವ ಕೈ ಏನೆಂದು ಗೊತ್ತಿಲ್ಲದವನಿಗೆ ದೇವರನ್ನು ಹುಡುಕುವ ಆತ್ಮ ಏನೆಂದು ಹೇಗೆ ತಿಳಿದೀತು? ಒಂದೇ ಸೂರಿನಡಿ ಇದ್ದೂ ತಿಂಗಳುಗಟ್ಟಲೆ ಮಾತು ಬಿಟ್ಟಿರುವ ಗಂಡ ಹೆಂಡಿರಿಗೂ ಈ ಮಾತು ಸೇರುತ್ತದೆ. ಪರಮಗೀತೆಯಲ್ಲಿ ದ್ರಾಕ್ಷಿತೋಟ ಹಾಳುಮಾಡುವ ಸಣ್ಣ ನರಿಗಳು ಬರುತ್ತವೆ. ಬರ್ನಾರ್ಡರು ಅವನ್ನು ಪಾಷಂಡಿಗಳೆಂದರು. ನಮಗೆ ನೆನಪಾಗುವುದು ಅರೇಬಿಕಾದ ಬಿಳಿ ಕಾಂಡಕೊರಕ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ, ಒಳಗೇ ಸುರಂಗ. ಎಲೆ ಹಳದಿಯಾಗಿ ನಮಗೆ ಗೊತ್ತಾಗುವ ಹೊತ್ತಿಗೆ ಗಿಡ ಕೀಳಬೇಕು. ನೆರಳು ಕಡಿದ ತೋಟದಲ್ಲಿ ಅದರ ಕಾಟ ಹೆಚ್ಚು ಎಂದು ನಿಮಗೆ ನಾವು ಹೇಳಬೇಕಿಲ್ಲ.

ಈಗ ಶುಭಸಂದೇಶ. ಸಂತ ಯೊವಾನ್ನರು ಪುನರುತ್ಥಾನವನ್ನು ಒಂದು ತೋಟದಲ್ಲಿ ಇಟ್ಟಿದ್ದಾರೆ. ಪರಮಗೀತೆಯ ತೋಟದಲ್ಲಿ ರಕ್ತಬೋಳ, ಅಗರು, ಜಟಾಮಾಂಸಿ ಬೆಳೆಯುತ್ತವೆ. (ಜಟಾಮಾಂಸಿ ನಮ್ಮ ಹಿಮಾಲಯದ ಬೇರು, ಅಷ್ಟು ದೂರದ ಸುಗಂಧ ಆ ಹಾಡಿಗೆ ಬೇಕಾಯಿತು.) ಬೆಥಾನಿಯದ ಮರಿಯ ಯೇಸುವಿನ ಪಾದಕ್ಕೆ ಸುರಿದದ್ದು ಆ ಜಟಾಮಾಂಸಿಯನ್ನೇ. ನಿಕೊದೇಮನು ಯೇಸುವಿನ ಪಾರ್ಥಿವ ಶರೀರಕ್ಕಾಗಿ ಸುಮಾರು ನೂರು ರಾತ್ತಲು ರಕ್ತಬೋಳ, ಅಗರು ತಂದ, ಮೂವತ್ತು ಕಿಲೋಗೂ ಮೇಲೆ. ಮರಿಯಳು ಆ ಪರಿಮಳದ ಸಮಾಧಿಯ ಬಳಿ ಅಳುತ್ತಾ ನಿಂತಳು. ದೇವದೂತರು ಕಂಡರೂ ಅವಳಿಗೆ ಸಮಾಧಾನವಿಲ್ಲ. ಎದುರಿಗೆ ನಿಂತವರನ್ನು ತೋಟಗಾರನೆಂದುಕೊಂಡಳು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ತೋಟದ ಮೇಸ್ತ್ರಿ. ಹೆಣವನ್ನು ಎಲ್ಲಿಟ್ಟಿದ್ದೀಯೆಂದು ಹೇಳು, ತಾನೇ ಹೊತ್ತೊಯ್ಯುತ್ತೇನೆ ಎಂದಳು. ಒಬ್ಬ ಹೆಂಗಸು ಒಬ್ಬಳೇ ಹೊರುವ ಭಾರವೇ ಅದು? ಅವಳು ಲೆಕ್ಕ ಹಾಕಲಿಲ್ಲ.

ಯೇಸುಸ್ವಾಮಿ ಅವಳಿಗೆ ಪುನರುತ್ಥಾನದ ತತ್ವ ವಿವರಿಸಲಿಲ್ಲ. ಹೆಸರು ಹಿಡಿದು ಕರೆದರು, ಅಷ್ಟೇ. ಅವಳು ತಿರುಗಿದಳು.

ಇಲ್ಲಿ ಎರಡು ವಾಚನಗಳೂ ಬೇರೆಯಾಗುತ್ತವೆ. ಪರಮಗೀತೆಯ ಹೆಣ್ಣು ಸಿಕ್ಕಿದ ಪ್ರಿಯನನ್ನು ಹಿಡಿದುಕೊಂಡು, ತಾಯಿಯ ಮನೆ ಸೇರುವ ತನಕ ಕೈಬಿಡುವುದಿಲ್ಲ. ಮರಿಯಳಿಗೆ ತನ್ನನ್ನು ಹಿಡಿದಿಟ್ಟುಕೊಳ್ಳಬೇಡ ಎಂದು ಪ್ರಭು ಹೇಳುತ್ತಾರೆ, ಸಹೋದರರ ಬಳಿಗೆ ಕಳುಹಿಸುತ್ತಾರೆ. ಇದು ಕಠಿಣ ಮಾತು. ಗಂಡನನ್ನು, ಹೆಂಡತಿಯನ್ನು, ಮಗುವನ್ನು ಮಣ್ಣಿಗೆ ಕೊಟ್ಟವರು ಈ ವಚನವನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದಾಗ ಹುಟ್ಟಿದ ಮನೆಯನ್ನೇ ಬಿಟ್ಟು ಬಂದವರೂ ಬಲ್ಲರು. ಅವರಿಗೆ ನಾವು ಇಲ್ಲಿ ನಿಂತು ಅರ್ಥ ಹೇಳಲು ಹೋಗುವುದಿಲ್ಲ.

ಹೋದ ವರ್ಷ ಒಂದು ಮದುವೆಗೆಂದು ಆ ಹಳೆಯ ಧರ್ಮಕೇಂದ್ರಕ್ಕೆ ಹೋಗಿದ್ದೆವು. ಆ ತಾಯಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆ ದಿನ ನಾವು ಹೇಳಿದ್ದು ಸರಿಯಿರಲಿಲ್ಲವೆಂದು ಅವರಲ್ಲಿ ಕ್ಷಮೆ ಕೇಳಿದೆವು. ಅವರಿಗೆ ಎಲ್ಲ ನೆನಪಿತ್ತು. "ನೀವು ಹೇಳಿದ್ದು ತಪ್ಪೇನಿಲ್ಲ ಫಾದರ್" ಎಂದರು. "ದೇವರನ್ನು ಹುಡುಕುವುದೂ ಹಾಗೇ ಇರಬೇಕು ಅಂತ ಆಮೇಲೆ ನನಗೂ ಅನಿಸಿತು. ಆದರೆ ನೀವು ಅವತ್ತು ಮೊದಲು ಅವರ ಹೆಸರು ಕೇಳಬೇಕಿತ್ತು."

ಕೇಳಿದೆವು. ಹೇಳಿದರು.

ಈಗ ವಿಶ್ವಾಸಿಗಳ ಪ್ರಾರ್ಥನೆಗೆ ಎದ್ದು ನಿಲ್ಲೋಣ. ಇವತ್ತು ಅಚ್ಚಾದ ಹಾಳೆ ಇಲ್ಲ. ಸಂಗಾತಿಯನ್ನು ಕಳೆದುಕೊಂಡವರು ನೀವು ನಿಂತ ಜಾಗದಿಂದಲೇ ಒಬ್ಬೊಬ್ಬರಾಗಿ ಅವರ ಹೆಸರು ಹೇಳಿ. ಮಳೆಯ ಸದ್ದು ಜೋರಾಗಿದೆ, ಸ್ವಲ್ಪ ಗಟ್ಟಿಯಾಗಿ ಹೇಳಿ.